ಪ್ರಾಸ್ಟೇಟ್ ಕ್ಯಾನ್ಸರ್: ರಕ್ತದಲ್ಲಿ ಸಂಚರಿಸುವ ಗಡ್ಡೆಕೋಶಗಳ ಪರೀಕ್ಷೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು, ಅವರ ಕುಟುಂಬದ ಸದಸ್ಯರು ಹಾಗೂ ಆ ರೋಗವಿರಬಹುದೆಂಬ ಶಂಕೆಯಿಂದ ತಪಾಸಣೆಗೆ ಮುಂದಾಗುವವರು ಇತ್ತೀಚಿನ ವರ್ಷಗಳಲ್ಲಿ ಒಂದು ರಕ್ತ ಪರೀಕ್ಷೆಯ ಹೆಸರನ್ನು ಕೇಳುತ್ತಿದ್ದಾರೆ. ಗಡ್ಡೆಯಿಂದ ಕಳಚಿಕೊಂಡು ರಕ್ತದಲ್ಲಿ ಸಂಚರಿಸುವ ಕ್ಯಾನ್ಸರ್ ಜೀವಕೋಶಗಳನ್ನು ಹಿಡಿದು ಎಣಿಸುವ ಈ ಪರೀಕ್ಷೆಯನ್ನು ವೈದ್ಯರು ಸಂಕ್ಷೇಪವಾಗಿ ಸಿಟಿಸಿ ಪರೀಕ್ಷೆ ಎನ್ನುತ್ತಾರೆ. ಸದರಿ ಪರೀಕ್ಷೆಯ ಸ್ವರೂಪ, ಉಪಯೋಗ ಮತ್ತು ಮಿತಿಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಈ ಪರೀಕ್ಷೆಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಎರಡು. ರೋಗವು ಈಗಾಗಲೇ ದೃಢಪಟ್ಟು ದೇಹದ ಇತರ ಭಾಗಗಳಿಗೆ ಹರಡಿರುವ ವ್ಯಕ್ತಿಯಲ್ಲಿ ಚಿಕಿತ್ಸೆ ಫಲ ನೀಡುತ್ತಿದೆಯೇ ಎಂಬುದನ್ನು ಇದು ತಿಳಿಸಬಲ್ಲದೇ ಎಂಬುದು ಮೊದಲನೆಯದು. ಯಾವ ರೋಗವೂ ದೃಢಪಡದ ವ್ಯಕ್ತಿಯಲ್ಲಿ ಕ್ಯಾನ್ಸರನ್ನು ಇದು ಪತ್ತೆ ಮಾಡಬಲ್ಲದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಸಾಕಷ್ಟು ಪುರಾವೆ ದೊರೆತಿದೆ. ಎರಡನೆಯದಕ್ಕೆ ಇನ್ನೂ ದೊರೆತಿಲ್ಲ. ಇವೆರಡನ್ನು ಒಂದೆಂದು ಭಾವಿಸಿ ಹಣ ವ್ಯಯಿಸುವುದು ಒಂದು ನಷ್ಟ. ಪರೀಕ್ಷೆಯಲ್ಲಿ ಏನೂ ಕಂಡುಬರಲಿಲ್ಲವೆಂದು ನೆಮ್ಮದಿಯಿಂದ ಮನೆಯಲ್ಲಿ ಉಳಿದುಬಿಡುವುದು ಅದಕ್ಕಿಂತ ದೊಡ್ಡ ನಷ್ಟ.

ಸಂಚಾರಿ ಗಡ್ಡೆಕೋಶ ಎಂದರೇನು?

ಪ್ರಾಸ್ಟೇಟ್ ಗ್ರಂಥಿಯು ಪುರುಷರಲ್ಲಿ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುತ್ತದೆ. ಯೌವನದಲ್ಲಿ ಅದರ ಗಾತ್ರ ಸುಮಾರಾಗಿ ಸಿಪ್ಪೆ ಸುಲಿಯದ ಒಂದು ಅಡಿಕೆಯಷ್ಟು. ವಯಸ್ಸಾದಂತೆ ಈ ಗ್ರಂಥಿ ಊದಿಕೊಳ್ಳುವುದು ಸಾಮಾನ್ಯವಾಗಿದ್ದು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಮೂತ್ರದ ಧಾರೆ ಕ್ಷೀಣಿಸುವುದು ಮುಂತಾದ ತೊಂದರೆಗಳು ಬಹುತೇಕ ಈ ಊತದಿಂದಲೇ ಉಂಟಾಗುತ್ತವೆ. ಇಂತಹ ಊತ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಉಂಟಾದಾಗ ಆರಂಭದಲ್ಲಿ ಅನೇಕರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಹರಡಿದಾಗ ಅದು ಹೆಚ್ಚಾಗಿ ಬೆನ್ನುಮೂಳೆ, ಸೊಂಟದ ಮೂಳೆ ಮುಂತಾದ ಎಲುಬುಗಳಲ್ಲಿ ನೆಲೆಯೂರುತ್ತದೆ.

ಗ್ರಂಥಿಯಿಂದ ಎಲುಬಿಗೆ ರೋಗವು ತಲುಪುವ ದಾರಿಗಳಲ್ಲಿ ರಕ್ತವು ಮುಖ್ಯವಾದುದು. ಗಡ್ಡೆಯಿಂದ ಬೇರ್ಪಟ್ಟ ಜೀವಕೋಶಗಳು ರಕ್ತನಾಳವನ್ನು ಪ್ರವೇಶಿಸುತ್ತವೆ. ಅವುಗಳಲ್ಲಿ ಬಹುಪಾಲು ಕೆಲವೇ ಗಂಟೆಗಳಲ್ಲಿ ನಾಶವಾಗುತ್ತವೆ ಅಥವಾ ರಕ್ತಪ್ರವಾಹದಿಂದ ಹೊರಬೀಳುತ್ತವೆ. ಎಲ್ಲೋ ಒಂದೆರಡು ಬೇರೆ ಅಂಗದಲ್ಲಿ ತಂಗಿ ಬೆಳೆಯುತ್ತವೆ. 1869ರಲ್ಲಿ ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್ವರ್ತ್ ಎಂಬುವರು ಕ್ಯಾನ್ಸರ್‌ನಿಂದ ಮೃತಪಟ್ಟ ವ್ಯಕ್ತಿಯೊಬ್ಬರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಗಡ್ಡೆಯಲ್ಲಿದ್ದಂತಹವೇ ಜೀವಕೋಶಗಳು ರಕ್ತದಲ್ಲಿಯೂ ಇರುವುದನ್ನು ದಾಖಲಿಸಿದರು. ಹೀಗೆ ಕಂಡದ್ದನ್ನು ಕ್ರಮಬದ್ಧವಾಗಿ ಎಣಿಸುವ ಉಪಕರಣ ಆಸ್ಪತ್ರೆಗಳಿಗೆ ಬರಲು ಮುಂದೆ ನೂರಮೂವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಇಷ್ಟು ವಿಳಂಬವೇಕೆ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ರಕ್ತಕಣಗಳೂ 40 ಲಕ್ಷದಿಂದ 1 ಕೋಟಿ 10 ಲಕ್ಷದವರೆಗೆ ಬಿಳಿ ರಕ್ತಕಣಗಳೂ ಇರುತ್ತವೆ. ಪರೀಕ್ಷೆಗೆ ಬಳಸುವ ರಕ್ತ 7.5 ಮಿಲಿಲೀಟರ್. ಅಂದರೆ ಒಂದು ನಳಿಕೆಯಲ್ಲಿ ಸುಮಾರು 3,750 ಕೋಟಿ ಕೆಂಪು ಕಣಗಳು ಮತ್ತು ಕನಿಷ್ಠ 3 ಕೋಟಿ ಬಿಳಿ ಕಣಗಳ ನಡುವೆ ಐದೋ ಹತ್ತೋ ಗಡ್ಡೆಕೋಶಗಳನ್ನು ಹುಡುಕಬೇಕಾಗುತ್ತದೆ. ರಾಗಿಯ ರಾಶಿಯಲ್ಲಿ ಬಿದ್ದ ಸಾಸಿವೆಯನ್ನು ಆರಿಸುವ ಕೆಲಸವೂ ಇದಕ್ಕಿಂತ ಸುಲಭ.

ಎಣಿಕೆ ಹೇಗೆ ನಡೆಯುತ್ತದೆ?

ವಿವಿಧ ಸಂಸ್ಥೆಗಳು ವಿವಿಧ ವಿಧಾನಗಳನ್ನು ರೂಪಿಸಿವೆ. ಇವುಗಳಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಪಟ್ಟಿರುವುದು ಸೆಲ್‌ಸರ್ಚ್ ಎಂಬ ವ್ಯವಸ್ಥೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದರ ಬಳಕೆಗೆ ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ 2004ರಲ್ಲಿಯೂ, ಹರಡಿದ ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ 2007ರಲ್ಲಿಯೂ, ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ 2008ರಲ್ಲಿಯೂ ಅನುಮತಿ ನೀಡಿತು. ಮೂರು ಅನುಮತಿಗಳಲ್ಲಿಯೂ "ಹರಡಿದ" ಎಂಬ ಪದವಿರುವುದನ್ನು ಓದುಗರು ಗಮನಿಸಬೇಕು. ಮುಂದಿನ ವಿವರಣೆಯೆಲ್ಲ ಆ ಒಂದು ಪದವನ್ನು ಅವಲಂಬಿಸಿದೆ.

ಈ ವಿಧಾನದಲ್ಲಿ ಕಬ್ಬಿಣದ ಅತಿಸೂಕ್ಷ್ಮ ಕಣಗಳಿಗೆ ಒಂದು ಪ್ರತಿಕಾಯವನ್ನು ಲೇಪಿಸಿ ರಕ್ತಕ್ಕೆ ಬೆರೆಸಲಾಗುತ್ತದೆ. ಅಂಗಗಳ ಒಳಪದರದಿಂದ ಹುಟ್ಟಿದ ಜೀವಕೋಶಗಳ ಮೇಲ್ಮೈಯಲ್ಲಿ ಎಪ್‌ಕ್ಯಾಮ್ ಎಂಬ ಪ್ರೋಟೀನ್ ಇರುತ್ತದೆ. ರಕ್ತಕಣಗಳಲ್ಲಿ ಅದು ಇರುವುದಿಲ್ಲ. ಪ್ರತಿಕಾಯವು ಆ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುತ್ತದೆ. ಬಳಿಕ ಅಯಸ್ಕಾಂತದ ನೆರವಿನಿಂದ, ಕಬ್ಬಿಣದ ಕಣ ಅಂಟಿದ ಕೋಶಗಳನ್ನು ಒಂದು ಬದಿಗೆ ಸೆಳೆದು ಉಳಿದ ರಕ್ತವನ್ನು ತೆಗೆದುಹಾಕಲಾಗುತ್ತದೆ. ಹೀಗೆ ಸೆಳೆಯಲ್ಪಟ್ಟವುಗಳ ಜೊತೆಯಲ್ಲಿ ಕೆಲವು ಬಿಳಿ ರಕ್ತಕಣಗಳೂ ಬಂದಿರುತ್ತವೆ. ಆದ್ದರಿಂದ ಬಣ್ಣ ಹಾಕಿ ಮತ್ತೊಮ್ಮೆ ಪರಿಶೀಲಿಸಲಾಗುತ್ತದೆ. ಕೋಶಕೇಂದ್ರವಿರಬೇಕು, ಸೈಟೋಕೆರಾಟಿನ್ ಎಂಬ ಪ್ರೋಟೀನ್ ಇರಬೇಕು, ಬಿಳಿ ರಕ್ತಕಣದ ಗುರುತಾದ ಸಿಡಿ45 ಇರಬಾರದು. ಈ ಮೂರೂ ಕೂಡಿಬಂದರೆ ಮಾತ್ರ ಅದನ್ನು ಗಡ್ಡೆಕೋಶವೆಂದು ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಯಂತ್ರವು ಚಿತ್ರಗಳನ್ನು ಆರಿಸಿ ಕೊಡುತ್ತದೆಯಾದರೂ ಅಂತಿಮ ತೀರ್ಮಾನವನ್ನು ತರಬೇತಿ ಪಡೆದ ವ್ಯಕ್ತಿಯೇ ಮಾಡಬೇಕಾಗುತ್ತದೆ.

ಈ ವ್ಯವಸ್ಥೆಗಾಗಿ ರಕ್ತವನ್ನು ಕೋಶಗಳು ಕೆಡದಂತೆ ಕಾಯುವ ದ್ರಾವಣವಿರುವ ವಿಶೇಷ ನಳಿಕೆಯಲ್ಲಿ ಸಂಗ್ರಹಿಸತಕ್ಕದ್ದು. ಸಾಮಾನ್ಯ ಕೊಠಡಿಯ ಉಷ್ಣಾಂಶದಲ್ಲಿ 96 ಗಂಟೆಗಳವರೆಗೆ ಅದನ್ನು ಇಡಬಹುದಾಗಿದೆ. ಸಾಮಾನ್ಯ ನಳಿಕೆಯಲ್ಲಿ ರಕ್ತ ತೆಗೆದು ಶೈತ್ಯಪೆಟ್ಟಿಗೆಯಲ್ಲಿಟ್ಟು ದೂರದ ಊರಿಗೆ ಕಳುಹಿಸಿದರೆ ಬರುವ ಸಂಖ್ಯೆಗೆ ಬೆಲೆಯಿಲ್ಲ.

ಸಂಖ್ಯೆಯು ಏನನ್ನು ಹೇಳುತ್ತದೆ?

ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನಿನ ಬಲದಿಂದ ಬೆಳೆಯುವ ರೋಗ. ಆದುದರಿಂದ ಹರಡಿದ ರೋಗಕ್ಕೆ ಶಸ್ತ್ರಚಿಕಿತ್ಸೆ ಅಥವಾ ಚುಚ್ಚುಮದ್ದಿನ ಮೂಲಕ ಆ ಹಾರ್ಮೋನನ್ನು ತಗ್ಗಿಸುವುದು ಚಿಕಿತ್ಸೆಯ ಬುನಾದಿ. ಕಾಲಕ್ರಮೇಣ ರೋಗವು ಇದಕ್ಕೂ ಬಗ್ಗದೆ ಬೆಳೆಯತೊಡಗುತ್ತದೆ. ಇಂತಹ ಹಂತದಲ್ಲಿ ಹೊಸದಾಗಿ ಕೀಮೋಥೆರಪಿ ಆರಂಭಿಸುತ್ತಿದ್ದ 231 ರೋಗಿಗಳ ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಲಾಯಿತು. ಚಿಕಿತ್ಸೆಗೆ ಮುನ್ನ 7.5 ಮಿಲಿಲೀಟರ್ ರಕ್ತದಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ಗಡ್ಡೆಕೋಶಗಳಿದ್ದವರ ಜೀವಿತಾವಧಿಯ ಮಧ್ಯಾಂಕ 11.5 ತಿಂಗಳು, 5ಕ್ಕಿಂತ ಕಡಿಮೆ ಇದ್ದವರದು 21.7 ತಿಂಗಳು. ಮಧ್ಯಾಂಕವೆಂದರೆ ಅರ್ಧದಷ್ಟು ಜನರು ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದರು ಎಂದರ್ಥ. ಯಾವೊಬ್ಬ ವ್ಯಕ್ತಿಗೂ ಅದು ಗಡುವು ಅಲ್ಲವೆಂಬುದನ್ನು ವರದಿ ಓದುವ ಕುಟುಂಬದವರು ಮರೆಯಬಾರದು.

ಇದಕ್ಕಿಂತಲೂ ಹೆಚ್ಚು ಉಪಯುಕ್ತವಾದ ಅಂಶ ಅದೇ ಅಧ್ಯಯನದಲ್ಲಿ ಇನ್ನೊಂದಿದೆ. ಆರಂಭದಲ್ಲಿ 5 ಅಥವಾ ಹೆಚ್ಚು ಇದ್ದು ಚಿಕಿತ್ಸೆಯ ನಂತರ 5ಕ್ಕಿಂತ ಕೆಳಗಿಳಿದವರಲ್ಲಿ ಮಧ್ಯಾಂಕವು 21.3 ತಿಂಗಳಾಗಿತ್ತು. ಆರಂಭದಲ್ಲಿ ಕಡಿಮೆ ಇದ್ದು ನಂತರ 5 ಅಥವಾ ಹೆಚ್ಚಕ್ಕೆ ಏರಿದವರಲ್ಲಿ ಅದು 9.3 ತಿಂಗಳು ಮಾತ್ರ. ಅಂದರೆ ಮೊದಲ ದಿನದ ಸಂಖ್ಯೆಗಿಂತ ಅದು ಸಾಗುವ ದಿಕ್ಕು ಹೆಚ್ಚು ಮಾತನಾಡುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದು ದಿನದ ಶಿಲ್ಕನ್ನು ನೋಡಿ ಕುಟುಂಬದ ಸ್ಥಿತಿ ಹೇಳಲಾಗದು. ಆರು ತಿಂಗಳ ನಮೂದುಗಳನ್ನು ನೋಡಿದರೆ ಹೇಳಬಹುದು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ರೋಗದ ಬಗ್ಗೆ ನಡೆದ ಐದು ದೊಡ್ಡ ಪ್ರಯೋಗಗಳ 6,081 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ಇದನ್ನೇ ಬೆಂಬಲಿಸಿತು. ಆರಂಭದಲ್ಲಿ ಗಡ್ಡೆಕೋಶಗಳು ಕಂಡುಬಂದಿದ್ದು, 13 ವಾರಗಳ ನಂತರ ಶೂನ್ಯವಾಗಿದ್ದರೆ ಅದು ಚಿಕಿತ್ಸೆ ಫಲಿಸುತ್ತಿರುವುದರ ಉತ್ತಮ ಸೂಚಕವೆಂದು ಅದರಲ್ಲಿ ಕಂಡುಬಂದಿತು.

ಸಂಖ್ಯೆಗಳು ಚಿಕ್ಕವಾಗಿರುವುದರಿಂದ ಆಕಸ್ಮಿಕ ಏರಿಳಿತಕ್ಕೂ ಅವಕಾಶವಿದೆ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ, 7.5 ಮಿಲಿಲೀಟರ್ ಎಂದರೆ ಅದರಲ್ಲಿ 660ಕ್ಕೂ ಹೆಚ್ಚು ಪಾಲುಗಳಲ್ಲಿ ಒಂದು ಪಾಲು. ಒಬ್ಬನೇ ವ್ಯಕ್ತಿಯಿಂದ ಒಂದೇ ಗಳಿಗೆಯಲ್ಲಿ ಎರಡು ನಳಿಕೆ ರಕ್ತ ತೆಗೆದರೆ ಒಂದರಲ್ಲಿ 3, ಇನ್ನೊಂದರಲ್ಲಿ 7 ಬರುವುದು ಅಸಹಜವೇನಲ್ಲ. ಆದ್ದರಿಂದ ಕಳೆದ ಬಾರಿ 4 ಇದ್ದದ್ದು ಈ ಬಾರಿ 6 ಆಯಿತೆಂದು ಕಂಗೆಡುವ ಅಗತ್ಯವಿಲ್ಲ. 4 ಇದ್ದದ್ದು 60 ಆಗಿದ್ದರೆ ಮಾತು ಬೇರೆ.

ಹಾರ್ಮೋನ್ ಚಿಕಿತ್ಸೆಯನ್ನು ಆಗತಾನೇ ಆರಂಭಿಸುವ, ಹರಡಿದ ರೋಗವುಳ್ಳವರಲ್ಲಿಯೂ ಎಣಿಕೆಯು ರೋಗದ ಮುಂದಿನ ಗತಿಯನ್ನು ಸೂಚಿಸುತ್ತದೆ ಎಂಬುದು 2024ರಲ್ಲಿ ಪ್ರಕಟವಾದ ಅಮೆರಿಕದ ಬಹುಕೇಂದ್ರ ಅಧ್ಯಯನದಿಂದ ತಿಳಿದುಬಂದಿದೆ. ಅಲ್ಲಿಯೂ 5 ಅಥವಾ ಹೆಚ್ಚು ಕೋಶಗಳಿದ್ದವರ ಸ್ಥಿತಿ, ಒಂದೂ ಇಲ್ಲದವರಿಗಿಂತ ಬಹಳ ಕಠಿಣವಾಗಿತ್ತು.

ಔಷಧದ ಆಯ್ಕೆಯಲ್ಲಿ ನೆರವು

ಹಿಡಿದ ಕೋಶಗಳನ್ನು ಎಣಿಸುವುದರ ಜೊತೆಗೆ ಅವುಗಳ ಒಳಗನ್ನು ನೋಡುವುದೂ ಸಾಧ್ಯವಾಗಿದೆ. ಅಬಿರಾಟೆರೋನ್ ಮತ್ತು ಎಂಜಲುಟಮೈಡ್ ಎಂಬ ಎರಡು ಮಾತ್ರೆಗಳು ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ರೋಗದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿವೆ. ಮೊದಲನೆಯದು ಹಾರ್ಮೋನಿನ ಉತ್ಪಾದನೆಯನ್ನು ತಡೆಯುತ್ತದೆ. ಎರಡನೆಯದು ಕೋಶದೊಳಗಿನ ಹಾರ್ಮೋನ್ ಗ್ರಾಹಕಕ್ಕೆ ಅಡ್ಡ ನಿಲ್ಲುತ್ತದೆ. ಕೆಲವು ರೋಗಿಗಳ ಗಡ್ಡೆಕೋಶಗಳಲ್ಲಿ ಈ ಗ್ರಾಹಕವು ಎಆರ್-ವಿ7 ಎಂಬ ಮೊಟಕುಗೊಂಡ ರೂಪದಲ್ಲಿರುತ್ತದೆ. ಹಾರ್ಮೋನು ಬಂದು ಕೂರುವ ಭಾಗವೇ ಇಲ್ಲದ ಈ ರೂಪವು ಹಾರ್ಮೋನಿನ ಹಂಗಿಲ್ಲದೆ ಸದಾ ಕೆಲಸ ಮಾಡುತ್ತಲೇ ಇರುತ್ತದೆ. ಬಾಗಿಲೇ ಇಲ್ಲದ ಮನೆಗೆ ಬೀಗ ಹಾಕಿ ಫಲವೇನು?

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 62 ರೋಗಿಗಳಿದ್ದರು. ಅವರ ಸಂಚಾರಿ ಗಡ್ಡೆಕೋಶಗಳನ್ನು ಪರಿಶೀಲಿಸಿದಾಗ 18 ಮಂದಿಯಲ್ಲಿ ಎಆರ್-ವಿ7 ಕಂಡುಬಂದಿತು. ಆ 18 ಮಂದಿಯಲ್ಲಿ ಒಬ್ಬರಿಗೂ ಈ ಮಾತ್ರೆಗಳಿಂದ ಪಿಎಸ್‌ಎ ಪ್ರಮಾಣ ನಿರೀಕ್ಷಿತ ಮಟ್ಟಿಗೆ ಇಳಿಯಲಿಲ್ಲ. ಅದು ಕಂಡುಬಾರದವರಲ್ಲಿ ಎಂಜಲುಟಮೈಡ್ ಪಡೆದ ಶೇ. 53ರಷ್ಟು, ಅಬಿರಾಟೆರೋನ್ ಪಡೆದ ಶೇ. 68ರಷ್ಟು ರೋಗಿಗಳಲ್ಲಿ ಇಳಿಕೆ ಕಂಡಿತು. ರೋಗಿಗಳ ಸಂಖ್ಯೆ ಚಿಕ್ಕದಾಗಿದ್ದರೂ ನಂತರದ ಅಧ್ಯಯನಗಳು ಇದೇ ದಿಕ್ಕಿನಲ್ಲಿವೆ. ಇಂತಹ ರೋಗಿಗಳಿಗೆ ಟ್ಯಾಕ್ಸೇನ್ ವರ್ಗದ ಕೀಮೋಥೆರಪಿ ಫಲ ನೀಡುವ ಸಾಧ್ಯತೆ ಇರುತ್ತದೆ. ತಿಂಗಳುಗಟ್ಟಲೆ ದುಬಾರಿ ಮಾತ್ರೆ ನುಂಗಿ ಕಾಲ ಕಳೆಯುವುದಕ್ಕಿಂತ ಆ ದಾರಿಯನ್ನು ಬೇಗ ಹಿಡಿಯುವುದು ಒಳಿತಾಗಬಹುದು. ಆದರೆ ಎಆರ್-ವಿ7 ಕಂಡುಬರಲಿಲ್ಲವೆಂದರೆ ಮಾತ್ರೆ ಖಂಡಿತ ಫಲಿಸುತ್ತದೆ ಎಂಬ ಭರವಸೆ ಇಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಚಿಕಿತ್ಸೆ ಫಲಿಸುತ್ತಿಲ್ಲವೆಂದು ಬೇಗ ತಿಳಿದ ಮಾತ್ರಕ್ಕೆ ಆಯುಷ್ಯ ಹೆಚ್ಚುವುದಿಲ್ಲ. ಬದಲಾಯಿಸಿಕೊಳ್ಳಲು ಉತ್ತಮವಾದ ಬೇರೆ ಔಷಧವೂ ಇರಬೇಕು. ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಗಡ್ಡೆಕೋಶಗಳ ಸಂಖ್ಯೆ ಇಳಿಯದಿದ್ದವರಿಗೆ ಕೂಡಲೇ ಕೀಮೋಥೆರಪಿ ಬದಲಿಸಿ ನೋಡಿದ ಅಮೆರಿಕದ ಪ್ರಯೋಗವೊಂದರ ಫಲಿತಾಂಶ 2014ರಲ್ಲಿ ಬಂದಿತು. ಬದಲಿಸಿದವರೂ ಬದಲಿಸದವರೂ ಹೆಚ್ಚುಕಡಿಮೆ ಒಂದೇ ಕಾಲ ಬದುಕಿದರು. ಆದುದರಿಂದ ಎಣಿಕೆಯೊಂದನ್ನೇ ಆಧರಿಸಿ ಔಷಧ ಬದಲಿಸುವಂತೆ ವೈದ್ಯರನ್ನು ಒತ್ತಾಯಿಸುವುದು ಸರಿಯಲ್ಲ. ಪಿಎಸ್‌ಎ, ಸ್ಕ್ಯಾನ್ ಮತ್ತು ರೋಗಿಯ ನೋವು-ನಲಿವುಗಳೊಡನೆ ಅದನ್ನು ಸೇರಿಸಿ ನೋಡಬೇಕಾಗುತ್ತದೆ.

ರೋಗವಿದೆಯೇ ಎಂದು ತಿಳಿಯಲು ಈ ಪರೀಕ್ಷೆ ಏಕೆ ಸಾಲದು?

ಪಿಎಸ್‌ಎ ಎಂಬುದು ಪ್ರಾಸ್ಟೇಟ್ ಗ್ರಂಥಿಯೇ ತಯಾರಿಸುವ ಪ್ರೋಟೀನ್. ಅದರ ಪರೀಕ್ಷೆಗೆ ಅಮೆರಿಕದಲ್ಲಿ 1986ರಲ್ಲಿ ಮೊದಲು ಅನುಮತಿ ದೊರೆತದ್ದು ರೋಗ ದೃಢಪಟ್ಟವರ ಮೇಲ್ವಿಚಾರಣೆಗಾಗಿ. ರೋಗ ಪತ್ತೆಗೆ ನೆರವಾಗಿ ಬಳಸಲು ಅನುಮತಿ ಬಂದದ್ದು ಎಂಟು ವರ್ಷಗಳ ಬಳಿಕ, 1994ರಲ್ಲಿ. ನಂತರವೂ ವಿವಾದ ನಿಂತಿಲ್ಲ. ಏಕೆಂದರೆ ಗ್ರಂಥಿಯ ಊತ, ಸೋಂಕು ಇತ್ಯಾದಿಗಳಿಂದಲೂ ಪಿಎಸ್‌ಎ ಏರುತ್ತದೆ ಮತ್ತು ಪಿಎಸ್‌ಎ ಹೆಚ್ಚಿದೆಯೆಂದು ಬಯಾಪ್ಸಿಗೆ ಒಳಗಾದವರಲ್ಲಿ ಬಹುಸಂಖ್ಯಾತರಿಗೆ ಕ್ಯಾನ್ಸರ್ ಇರುವುದಿಲ್ಲ. ಸಂಚಾರಿ ಗಡ್ಡೆಕೋಶಗಳ ಎಣಿಕೆಯು ಇದೇ ದಾರಿಯ ಮೊದಲ ಮೆಟ್ಟಿಲಲ್ಲಿ, ಅಂದರೆ ಮೇಲ್ವಿಚಾರಣೆಯ ಮೆಟ್ಟಿಲಲ್ಲಿ ನಿಂತಿದೆ.

ಎರಡನೆಯ ಮೆಟ್ಟಿಲು ಕಷ್ಟವಾಗಿರುವುದಕ್ಕೆ ಕಾರಣಗಳಿವೆ. ರೋಗವು ಗ್ರಂಥಿಯೊಳಗೇ ಇರುವಾಗ ರಕ್ತಕ್ಕೆ ಬರುವ ಕೋಶಗಳು ಅತ್ಯಲ್ಪ. ಒಂದು ನಳಿಕೆ ರಕ್ತದಲ್ಲಿ ಬಹುತೇಕ ಒಂದೂ ಸಿಗುವುದಿಲ್ಲ. ಚಿಕಿತ್ಸೆಯಿಂದ ಗುಣಪಡಿಸಬಹುದಾದ ಹಂತವೂ ಇದೇ ಆಗಿದೆ ಎಂಬುದು ಇಲ್ಲಿನ ಇಕ್ಕಟ್ಟು. ಹರಡಿದ ರೋಗದಲ್ಲಿಯೂ ಕೆಲವು ಕೋಶಗಳು ತಮ್ಮ ಮೇಲ್ಮೈಯ ಎಪ್‌ಕ್ಯಾಮ್ ಪ್ರೋಟೀನನ್ನು ಕಳೆದುಕೊಂಡಿರುತ್ತವೆ. ಅವು ಅಯಸ್ಕಾಂತಕ್ಕೆ ಸಿಗದೆ ತಪ್ಪಿಸಿಕೊಳ್ಳುತ್ತವೆ. ಹೀಗಾಗಿ ವರದಿಯಲ್ಲಿ "ಶೂನ್ಯ" ಎಂದಿದ್ದರೆ ಆ ನಳಿಕೆಯಲ್ಲಿ, ಆ ವಿಧಾನಕ್ಕೆ ಒಂದೂ ಸಿಗಲಿಲ್ಲ ಎಂದಷ್ಟೇ ಅರ್ಥ. ರೋಗವಿಲ್ಲ ಎಂಬ ಪ್ರಮಾಣಪತ್ರ ಅದಲ್ಲ.

ಎಪ್‌ಕ್ಯಾಮ್ ಮಾತ್ರವನ್ನು ನೆಚ್ಚಿಕೊಳ್ಳದೆ ಆರಂಭದ ಹಂತದಲ್ಲಿಯೇ ಕೋಶಗಳನ್ನು ಗುರುತಿಸುವ ಪ್ರಯತ್ನಗಳು ನಡೆದಿವೆ. ಮಹಾರಾಷ್ಟ್ರದ ನಾಸಿಕ್‌ನಲ್ಲಿರುವ ದಾತಾರ್ ಕ್ಯಾನ್ಸರ್ ಜೆನೆಟಿಕ್ಸ್ ಸಂಸ್ಥೆಯ ತ್ರಿನೇತ್ರ-ಪ್ರಾಸ್ಟೇಟ್ ಎಂಬ ಪರೀಕ್ಷೆಗೆ 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು "ಬ್ರೇಕ್‌ಥ್ರೂ" ಎಂಬ ಮಾನ್ಯತೆ ನೀಡಿತು. ಭರವಸೆ ಮೂಡಿಸುವ ಸಾಧನಗಳ ಪರಿಶೀಲನೆಯನ್ನು ತ್ವರಿತಗೊಳಿಸಲು ಕೊಡುವ ಮಾನ್ಯತೆ ಇದು; ಮಾರಾಟದ ಅನುಮತಿಯೂ ಅಲ್ಲ, ನಿಖರತೆಯ ಮುದ್ರೆಯೂ ಅಲ್ಲ. ಇಂತಹ ಪದಗಳನ್ನು ಕರಪತ್ರದಲ್ಲಿ ಓದಿದಾಗ ಈ ವ್ಯತ್ಯಾಸವನ್ನು ನೆನಪಿಡುವುದು ಉಚಿತ.

ಆರೋಗ್ಯವಂತರನ್ನು ಸಾಮೂಹಿಕವಾಗಿ ಪರೀಕ್ಷಿಸುವಾಗ ಒಳ್ಳೆಯ ಪರೀಕ್ಷೆಯೂ ಹೇಗೆ ದಾರಿ ತಪ್ಪಿಸಬಹುದು ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. 10,000 ಪುರುಷರಲ್ಲಿ 50 ಮಂದಿಗೆ ರೋಗವಿದೆ ಎಂದುಕೊಳ್ಳೋಣ. ಪರೀಕ್ಷೆಯು ಆ 50ರಲ್ಲಿ 45 ಮಂದಿಯನ್ನು ಗುರುತಿಸುತ್ತದೆ. ರೋಗವಿಲ್ಲದ 9,950 ಮಂದಿಯಲ್ಲಿ ಶೇ. 2ರಷ್ಟು ಜನರಿಗೆ ತಪ್ಪಾಗಿ "ಇದೆ" ಎನ್ನುತ್ತದೆ. ಅಂದರೆ 199 ಮಂದಿ. ಒಟ್ಟು 244 ಮಂದಿಯ ಕೈಗೆ "ಇದೆ" ಎಂಬ ವರದಿ ಬರುತ್ತದೆ. ಅವರಲ್ಲಿ ಐವರಲ್ಲಿ ನಾಲ್ವರಿಗೆ ರೋಗವೇ ಇಲ್ಲ. ಉಳಿದ 5 ಮಂದಿ ರೋಗವಿದ್ದೂ "ಇಲ್ಲ" ಎಂಬ ವರದಿ ಹಿಡಿದು ಮನೆಗೆ ಹೋಗಿರುತ್ತಾರೆ. ಶೇ. 98, ಶೇ. 90 ಎಂಬ ಅಂಕಿಗಳು ಜಾಹೀರಾತಿನಲ್ಲಿ ಎಷ್ಟೇ ದೊಡ್ಡದಾಗಿ ಕಂಡರೂ ಅವುಗಳ ಹಿಂದೆ ಈ ಲೆಕ್ಕವಿರುತ್ತದೆ.

"ಲಿಕ್ವಿಡ್ ಬಯಾಪ್ಸಿ" ಎಂಬ ಹೆಸರಿನಿಂದಲೂ ಗೊಂದಲ ಉಂಟಾಗುತ್ತದೆ. ಇಡೀ ಗಡ್ಡೆಕೋಶವನ್ನು ಹಿಡಿಯುವ ಪರೀಕ್ಷೆಗೂ, ಸತ್ತ ಕೋಶಗಳಿಂದ ರಕ್ತಕ್ಕೆ ಸೇರಿದ ಡಿಎನ್‌ಎ ತುಣುಕುಗಳನ್ನು ಓದುವ ಪರೀಕ್ಷೆಗೂ ಇದೇ ಹೆಸರು ಬಳಕೆಯಲ್ಲಿದೆ. ಇವೆರಡೂ ಬೇರೆ ಬೇರೆ. ಯಾವುದಕ್ಕೆ ಹಣ ಪಾವತಿಸಲಾಗುತ್ತಿದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯುವುದು ಸೂಕ್ತ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂಬುದನ್ನು ದೃಢಪಡಿಸುವುದು ಗ್ರಂಥಿಯಿಂದ ತೆಗೆದ ಅಂಗಾಂಶದ ಬಯಾಪ್ಸಿ ವರದಿ. ರೋಗದ ಉಗ್ರತೆಯನ್ನು ಸೂಚಿಸುವ ಗ್ಲೀಸನ್ ಅಂಕವೂ ಅದರಲ್ಲಿಯೇ ಇರುತ್ತದೆ. ರಕ್ತದಲ್ಲಿನ ಗಡ್ಡೆಕೋಶಗಳ ವರದಿಯು ಇದಕ್ಕೆ ಪರ್ಯಾಯವಾಗುವುದಿಲ್ಲ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಕ್ಯಾನ್ಸರ್ ಚಿಕಿತ್ಸೆಗೆ ಪೂರ್ವಾನುಮತಿ ಕೋರುವಾಗ ಸಾಮಾನ್ಯವಾಗಿ ಬಯಾಪ್ಸಿ ವರದಿಯನ್ನೇ ಕೇಳಲಾಗುತ್ತದೆ. ಖಾಸಗಿಯಾಗಿ ದೊಡ್ಡ ಮೊತ್ತ ನೀಡಿ ಮಾಡಿಸಿಕೊಂಡ ರಕ್ತ ಪರೀಕ್ಷೆಯ ವರದಿಯೊಂದನ್ನೇ ಹಿಡಿದು ಬಂದವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ರೋಗಿಗೆ ಅಷ್ಟು ದಿನಗಳು ವ್ಯರ್ಥವಾಗುತ್ತವೆ.

ಸದರಿ ಪರೀಕ್ಷೆಯನ್ನು ವೈದ್ಯರು ಸೂಚಿಸಿದ್ದಲ್ಲಿ, ಅದರ ವೆಚ್ಚವು ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿ ಸೇರುತ್ತದೆಯೇ ಎಂಬುದನ್ನು ಹಣ ಪಾವತಿಸುವ ಮುನ್ನವೇ ನೋಂದಾಯಿತ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು. ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ ಒಂದು: ಸಂಖ್ಯೆ ಹೆಚ್ಚು ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ಕಡಿಮೆ ಬಂದರೆ ಏನು ಬದಲಾಗುತ್ತದೆ? ಎರಡಕ್ಕೂ "ಏನೂ ಇಲ್ಲ" ಎಂಬ ಉತ್ತರ ಬಂದಲ್ಲಿ ಆ ಹಣವನ್ನು ಔಷಧಕ್ಕೂ ಪ್ರಯಾಣಕ್ಕೂ ಉಳಿಸಿಕೊಳ್ಳುವುದು ವಿವೇಕ.

ಪರೀಕ್ಷೆ ಮಾಡಿಸಿಕೊಳ್ಳುವವರು ಪ್ರತಿ ಬಾರಿಯೂ ಒಂದೇ ವಿಧಾನದಲ್ಲಿ, ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿಕೊಳ್ಳಬೇಕು. ಒಂದು ವಿಧಾನದ 5ನ್ನು ಇನ್ನೊಂದು ವಿಧಾನದ 5ರೊಡನೆ ಹೋಲಿಸಲಾಗದು. ವರದಿಗಳನ್ನು ಪಿಎಸ್‌ಎ ವರದಿಗಳೊಡನೆ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿಟ್ಟುಕೊಂಡು, ಯಾವ ದಿನಾಂಕದಂದು ಯಾವ ಔಷಧ ಆರಂಭವಾಯಿತೆಂಬುದನ್ನು ಪಕ್ಕದಲ್ಲಿ ಬರೆದಿಡುವುದು ವೈದ್ಯರಿಗೆ ಬಹಳ ಅನುಕೂಲ. ಗ್ರಂಥಿಯ ಊತಕ್ಕಾಗಿ ಫಿನಾಸ್ಟರೈಡ್ ಅಥವಾ ಡ್ಯೂಟಾಸ್ಟರೈಡ್ ಮಾತ್ರೆ ಸೇವಿಸುತ್ತಿರುವವರು ಅದನ್ನು ತಪ್ಪದೆ ತಿಳಿಸಬೇಕು. ಈ ಮಾತ್ರೆಗಳು ಪಿಎಸ್‌ಎ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ ವರದಿಯು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಪ್ರಾಸ್ಟೇಟ್ ಕ್ಯಾನ್ಸರ್ ಇರುವ ವ್ಯಕ್ತಿಗೆ ಬೆನ್ನುನೋವಿನೊಂದಿಗೆ ಕಾಲುಗಳಲ್ಲಿ ಬಲ ಕುಂದಿದರೆ, ಮರಗಟ್ಟಿದಂತಾದರೆ ಅಥವಾ ಇದ್ದಕ್ಕಿದ್ದಂತೆ ಮಲಮೂತ್ರಗಳ ಮೇಲೆ ಹಿಡಿತ ತಪ್ಪಿದರೆ, ಬೆನ್ನುಹುರಿಯ ಮೇಲೆ ಗಡ್ಡೆಯ ಒತ್ತಡ ಬಿದ್ದಿರುವ ಸಂಭವವಿರುತ್ತದೆ. ಇಂತಹ ಸಂದರ್ಭದಲ್ಲಿ ಯಾವುದೇ ರಕ್ತ ಪರೀಕ್ಷೆಯ ವರದಿಗಾಗಿ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಗಂಟೆಗಳು ಕಳೆದಂತೆ ಮತ್ತೆ ನಡೆದಾಡುವ ಸಾಧ್ಯತೆ ಕಡಿಮೆಯಾಗುತ್ತದೆ. ಯೋಜನೆಯಡಿ ತುರ್ತು ಚಿಕಿತ್ಸೆಗಳೆಂದು ನಿಗದಿಪಡಿಸಿರುವವುಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮುಂಚಿತವಾಗಿ ಬೇಕಾಗುವುದಿಲ್ಲ. ರೋಗಿಯ ಪಡಿತರ ಚೀಟಿ, ಆಧಾರ್ ಚೀಟಿ ಹಾಗೂ ಹಿಂದಿನ ಬಯಾಪ್ಸಿ ವರದಿಯ ಪ್ರತಿಯನ್ನು ಜೊತೆಯಲ್ಲಿ ಒಯ್ಯುವುದು.